ಈ ಹಲಗೆಯ ಊರು ಯಾವುದು?

(ಮಲೆನಾಡಿನ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ನಡೆದ ಕೆಲವು ಮಾತುಕತೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ಕೈಯಲ್ಲಿ ಸಾಗುವಾನಿಯ ಎರಡು ತುಂಡುಗಳಿವೆ. ಎರಡೂ ಅಂಗೈ ಅಗಲ, ಹೆಬ್ಬೆರಳಿನಷ್ಟು ದಪ್ಪ. ಒಂದನ್ನು ನನಗೆ ಬರ್ಮಾ ಟೀಕ್ ಎಂದು ಮಾರಿದರು, ಇನ್ನೊಂದನ್ನು ಆಫ್ರಿಕಾದ ಪ್ಲಾಂಟೇಶನ್ ಮಾಲು ಎಂದು. ಯಾವುದು ಯಾವುದೆಂದು ಈಗ ಹೇಳುವುದಿಲ್ಲ. ಮುಂದಿನ ಸಾಲಿನಲ್ಲಿ ನಲವತ್ತು ವರ್ಷ ಬಾಗಿಲು, ಕಿಟಕಿ, ತೊಟ್ಟಿಲು ಮಾಡಿದ ಹಿರಿಯರೊಬ್ಬರು ಕುಳಿತಿದ್ದಾರೆ. ಆಚಾರ್ರೇ, ಮೊದಲು ನೀವೇ ನೋಡಿ.

ಅವರು ತುಂಡನ್ನು ತಿರುಗಿಸಿ ಅಡ್ಡಕೊಯ್ತದ ಮುಖವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಉಗುರಿನಿಂದ ಗೀರಿದರು, ಮೂಸಿದರು. "ಇದರ ಸುತ್ತುಗಳು ಒತ್ತೊತ್ತಾಗಿವೆ, ನಿಧಾನಕ್ಕೆ ಬೆಳೆದ ಕಾಡುಮರ. ಇದು ನೀರು ಗೊಬ್ಬರ ಕಂಡು ದಡದಡ ಬೆಳೆದದ್ದು" ಎಂದರು. ಸರಿಯಾಗಿಯೇ ಹೇಳಿದರು. ಹಾಗಾದರೆ ಊರು ಯಾವುದು ಆಚಾರ್ರೇ ಎಂದು ಕೇಳಿದೆ. "ಹೇಗೆ ಬೆಳೆಯಿತು ಅಂತ ಹೇಳಬಹುದು ಸಾರ್. ಎಲ್ಲಿ ಬೆಳೆಯಿತು ಅಂತ ಹೇಳೋದು ಹೇಗೆ?"

ನನ್ನ ಇವತ್ತಿನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ.

ನಾಟಾ ಡಿಪೋ ನೋಡಿದವರಿಗೆ ಗೊತ್ತು, ಪ್ರತಿ ದಿಮ್ಮಿಯ ತುದಿಯಲ್ಲಿ ಇಲಾಖೆಯ ಸುತ್ತಿಗೆಯಿಂದ ಹೊಡೆದ ಮುದ್ರೆ ಇರುತ್ತದೆ, ಪಕ್ಕದಲ್ಲಿ ಬಣ್ಣದಲ್ಲಿ ಬರೆದ ನಂಬರು. ಲಾರಿಯಲ್ಲಿ ಪಾಸ್ ಇರುತ್ತದೆ, ಚೆಕ್‌ಪೋಸ್ಟಿನಲ್ಲಿ ಎರಡನ್ನೂ ತಾಳೆ ನೋಡುತ್ತಾರೆ. ದಿಮ್ಮಿ ದಿಮ್ಮಿಯಾಗಿರುವವರೆಗೂ ಈ ಏರ್ಪಾಡು ನಡೆಯುತ್ತದೆ. ಸಾಮಿಲ್ಲಿನ ಗರಗಸದ ಕೆಳಗೆ ಹೋಗಿ ಹಲಗೆಯಾದಾಗ ಮುದ್ರೆಯಿದ್ದ ತುದಿ ಚೂರಾಗಿ ಸೌದೆ ರಾಶಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಮರದ ದಾರಿಯೇ ಬೇರೆ, ಕಾಗದದ ದಾರಿಯೇ ಬೇರೆ. ಯಾವ ಹಲಗೆಯ ಜೊತೆ ಯಾವ ಕಾಗದವನ್ನು ಇಟ್ಟರೂ ನೋಡಿದವರಿಗೆ ತಿಳಿಯುವುದಿಲ್ಲ.

ಇದು ದೊಡ್ಡ ಪ್ರಮಾಣದಲ್ಲಿ ನಡೆದರೆ ಹೇಗಿರುತ್ತದೆ ಎನ್ನುವುದಕ್ಕೆ ಪೆರುವಿನ ಒಂದು ಹಡಗಿನ ಕಥೆ ಹೇಳುತ್ತೇನೆ. ಯಾಕು ಕಾಲ್ಪಾ ಅದರ ಹೆಸರು. ಅಮೆಜಾನ್ ನದಿಯ ದಂಡೆಯ ಇಕಿಟೋಸ್ ಪಟ್ಟಣದಲ್ಲಿ ಮರ ತುಂಬಿಕೊಂಡು ಮೆಕ್ಸಿಕೋಗೆ, ಅಮೆರಿಕಕ್ಕೆ ಹೋಗುತ್ತಿತ್ತು. ಕಾಗದಪತ್ರ ಎಲ್ಲ ಸರಿಯಾಗಿಯೇ ಇತ್ತು. ಇಂಥ ಜಾಗದಲ್ಲಿ, ಇಂಥ ಪರವಾನಗಿಯ ಮೇಲೆ, ಇಂಥ ನಂಬರಿನ ಮರ ಕಡಿದದ್ದು ಎಂದು ಬರೆದಿತ್ತು. ಪೆರುವಿನ ಅರಣ್ಯ ಮೇಲ್ವಿಚಾರಣಾ ಸಂಸ್ಥೆ ಒಸಿನ್‌ಫೋರ್‌ನ ಸಿಬ್ಬಂದಿ ಜಿಪಿಎಸ್ ಹಿಡಿದು ಆ ಜಾಗಗಳಿಗೇ ನಡೆದರು. ಕಡಿದದ್ದೆಂದು ಬರೆದಲ್ಲಿ ಬುಡದ ಮೋಟೇ ಇರಲಿಲ್ಲ. ಕೆಲವು ಕಡೆ ಆ ಮರ ಇನ್ನೂ ನಿಂತೇ ಇತ್ತು, ಕೆಲವು ಕಡೆ ಅಲ್ಲಿ ಅಂಥ ಮರ ಎಂದೂ ಇದ್ದ ಗುರುತೇ ಇರಲಿಲ್ಲ. ಹಡಗಿನ ಸರಕಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅಕ್ರಮದ್ದೆಂದು ಹೊರಬಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹ್ಯೂಸ್ಟನ್ ಬಂದರಿನಲ್ಲಿ ಸುಮಾರು 1,770 ಟನ್ ಮರವನ್ನು ತಡೆಹಿಡಿದರು. ಇಲ್ಲದ ಮರದ ಹೆಸರಿನಲ್ಲಿ ಕಾಗದ ಹುಟ್ಟಿತ್ತು. ಆ ಕಾಗದದ ಬೆನ್ನಿಗೆ, ಮುಟ್ಟಬಾರದ ಕಾಡಿನ ಮರ ಬಂದು ಕೂತಿತ್ತು.

ಆ ಸಿಬ್ಬಂದಿಯ ಬಗ್ಗೆ ನನಗೆ ಬಹಳ ಗೌರವ. ಆದರೆ ಪ್ರತಿ ಸಾಗಣೆಗೂ ಯಾರೋ ಒಬ್ಬರು ವಾರಗಟ್ಟಲೆ ದೋಣಿಯಲ್ಲಿ ಹೋಗಿ ಬುಡ ಹುಡುಕುವುದು ಆಗದ ಮಾತು. ಇಂಟರ್‌ಪೋಲ್ ಮತ್ತು ವಿಶ್ವಸಂಸ್ಥೆಯ ಪರಿಸರ ವಿಭಾಗ 2012ರಲ್ಲಿ ಮಾಡಿದ ಅಂದಾಜಿನ ಪ್ರಕಾರ ಜಗತ್ತಿನ ಮರದ ವ್ಯಾಪಾರದಲ್ಲಿ ಶೇ. 15ರಿಂದ 30ರಷ್ಟು ಅಕ್ರಮದ್ದು. ಇಷ್ಟೊಂದು ಮಾಲಿನ ಬೆನ್ನು ಹತ್ತುವುದಕ್ಕೆ ಬಂದರಿನಲ್ಲೇ, ಹಲಗೆಯನ್ನೇ ಕೇಳುವ ದಾರಿ ಬೇಕು. ಆ ದಾರಿ ರಸಾಯನಶಾಸ್ತ್ರದಲ್ಲಿದೆ.

ಮೊದಲು ಜಾತಿ. ಬೀಟೆಯೋ ಬೀಟೆಯಂತೆ ಕಾಣುವ ಇನ್ನೊಂದೋ ಎಂಬುದು ತೀರ್ಮಾನವಾಗದೆ ಊರಿನ ಮಾತೇ ಇಲ್ಲ. ನಮ್ಮ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ನಿಯಂತ್ರಣಕ್ಕೆ ಬಂದಿದೆ. ಹಲಗೆಯಾದ ಮೇಲೆ ಈ ಕುಲದ ಒಂದು ಜಾತಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ಸೂಕ್ಷ್ಮದರ್ಶಕಕ್ಕೂ ಕಷ್ಟ. ಅಮೆರಿಕದ ಆಶ್‌ಲ್ಯಾಂಡ್‌ನಲ್ಲಿರುವ ವನ್ಯಜೀವಿ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಇದಕ್ಕೊಂದು ಒಳ್ಳೆಯ ವಿಧಾನ ರೂಢಿಯಲ್ಲಿದೆ. ಕಡ್ಡಿಯಷ್ಟು ಸೀಳನ್ನು ಬಿಸಿ ಹೀಲಿಯಂ ಅನಿಲದ ಧಾರೆಗೆ ಹಿಡಿಯುತ್ತಾರೆ. ಮರದೊಳಗಿನ ಎಣ್ಣೆ, ರಾಳ, ಬಣ್ಣದ ಅಣುಗಳು ಎದ್ದು ಯಂತ್ರದೊಳಗೆ ಹೋಗುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಆ ಜಾತಿಯ ಅಣುಗಳ ಚಿತ್ರ ಪರದೆಯ ಮೇಲೆ ಬರುತ್ತದೆ. ಇಲ್ಲಿಯ ಆಚಾರ್ರು ಮೂಸಿ ನೋಡಿದರಲ್ಲ, ಯಂತ್ರ ಮಾಡುವುದೂ ಒಂದು ರೀತಿಯಲ್ಲಿ ಅದನ್ನೇ, ವಾಸನೆಯ ಒಂದೊಂದು ಎಳೆಯನ್ನೂ ಬಿಡಿಸಿ ತೂಗುತ್ತದೆ. ಇದೇ ಉಪಕರಣದಿಂದ ಕಾಡಿನ ಅಗರು ಮರವನ್ನೂ ತೋಟದಲ್ಲಿ ಬೆಳೆಸಿದ್ದನ್ನೂ ಬೇರ್ಪಡಿಸಿ ತೋರಿಸಿದ್ದಾರೆ.

ಊರಿನ ವಿಷಯಕ್ಕೆ ಬಂದರೆ, ಬೇರಿನಿಂದಲೇ ಶುರು ಮಾಡಬೇಕು. ಮರಕ್ಕೆ ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂಗೆ ಸ್ಟ್ರಾನ್ಶಿಯಂ ಎಂಬ ಒಂದು ದಾಯಾದಿ ಇದೆ, ಎರಡರ ಗುಣವೂ ಹತ್ತಿರ ಹತ್ತಿರ. ಬೇರಿಗೆ ಇವುಗಳ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಒಂದರ ಜೊತೆ ಇನ್ನೊಂದನ್ನೂ ಹೀರುತ್ತದೆ. ಸ್ಟ್ರಾನ್ಶಿಯಂನಲ್ಲಿ 86 ಮತ್ತು 87 ತೂಕದ ಎರಡು ರೂಪಗಳಿವೆ, ಇವನ್ನೇ ಐಸೊಟೋಪ್ ಎನ್ನುವುದು. 86ರದು ಇದ್ದಷ್ಟೇ ಇರುತ್ತದೆ. 87ರದು ಮಾತ್ರ ಬಂಡೆಯೊಳಗಿನ ರುಬಿಡಿಯಂ ಕೊಳೆಯುತ್ತಾ ಬಂದಂತೆ ಕೂಡುತ್ತಾ ಹೋಗುತ್ತದೆ. ಬಹಳ ನಿಧಾನದ ಕೆಲಸ ಅದು, ರುಬಿಡಿಯಂ ಅರ್ಧಕ್ಕೆ ಇಳಿಯಲು ಸುಮಾರು 4,900 ಕೋಟಿ ವರ್ಷ ಬೇಕು. ಹಾಗಾಗಿ ರುಬಿಡಿಯಂ ಹೆಚ್ಚಿರುವ, ವಯಸ್ಸಾದ ಬಂಡೆಯಲ್ಲಿ 87ರ ಪಾಲು ಜಾಸ್ತಿ, ಎಳೆಯ ಲಾವಾ ಬಂಡೆಯಲ್ಲಿ ಕಡಿಮೆ. ಬಂಡೆ ಕರಗಿ ಮಣ್ಣಾಗುತ್ತದೆ, ಮಣ್ಣಿನಿಂದ ಬೇರಿಗೆ, ಬೇರಿನಿಂದ ಚೇಗಿಗೆ. ಈ ದಾರಿಯುದ್ದಕ್ಕೂ ಎರಡರ ಅನುಪಾತ ಹೆಚ್ಚುಕಡಿಮೆ ಕದಲುವುದೇ ಇಲ್ಲ.

ನಮ್ಮ ಸುತ್ತಲನ್ನೇ ನೋಡಿ. ಲಾಲ್‌ಬಾಗ್‌ನಲ್ಲಿ ಮಕ್ಕಳು ಹತ್ತಿ ಆಡುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಮೈಸೂರು ಸೀಮೆಯ ಕಾಡುಗಳ ತಳದಲ್ಲಿ ಬಹುಪಾಲು ಇದೇ ವಂಶದ ನೈಸ್ ಶಿಲೆ. ಮಹಾರಾಷ್ಟ್ರದ ಮೇಳಘಾಟ್‌ಗೆ ಹೋದರೆ ಅಲ್ಲಿ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ಕಪ್ಪು ಕಲ್ಲು. ಎರಡೂ ಕಡೆ ಸಾಗುವಾನಿ ಇದೆ. 87ನ್ನು 86ರಿಂದ ಭಾಗಿಸಿದರೆ ಸಿಗುವ ಅನುಪಾತ ಕಪ್ಪು ಕಲ್ಲಿನಲ್ಲಿ ಬಹುತೇಕ 0.705ರ ಆಸುಪಾಸು, ಹಳೆಯ ನೈಸ್‌ನಲ್ಲಿ ಅದು 0.71 ದಾಟುವುದು ಸಾಮಾನ್ಯ. ಮೂರನೇ ದಶಾಂಶ ಸ್ಥಾನದ ಈ ವ್ಯತ್ಯಾಸ ನಿಮಗೆ ಕೂದಲೆಳೆಯಂತೆ ಕಾಣಬಹುದು. ಇವತ್ತಿನ ಯಂತ್ರಗಳು ಐದನೇ ಸ್ಥಾನವನ್ನೂ ಓದುತ್ತವೆ, ಅವುಗಳ ಪಾಲಿಗೆ ಇದು ಹೆಬ್ಬಾಗಿಲು.

ಈ ಉಪಾಯ ಮೊದಲು ಒಳ್ಳೆಯ ಫಲ ಕೊಟ್ಟದ್ದು ಉಷ್ಣವಲಯದಲ್ಲಲ್ಲ, ಅಮೆರಿಕದ ಮರುಭೂಮಿಯಲ್ಲಿ. ನ್ಯೂ ಮೆಕ್ಸಿಕೋದ ಚಾಕೋ ಕಣಿವೆಯಲ್ಲಿ ಸಾವಿರ ವರ್ಷ ಹಳೆಯ ಬೃಹತ್ ಕಲ್ಲುಮನೆಗಳಿವೆ. ಅವುಗಳ ಛಾವಣಿಗೆ ಹಾಕಿದ ತೊಲೆಗಳಂಥ ಮರ ಸುತ್ತಮುತ್ತ ಎಲ್ಲೂ ಬೆಳೆಯುವುದಿಲ್ಲ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ತೊಲೆಗಳ ಸ್ಟ್ರಾನ್ಶಿಯಂ ಅಳೆದು, ಅವು 75 ಕಿಲೋಮೀಟರಿಗೂ ದೂರದ ಚುಸ್ಕಾ ಮತ್ತು ಸ್ಯಾನ್ ಮಟೇಯೋ ಬೆಟ್ಟಗಳಿಂದ ಬಂದವು ಎಂದು ತೋರಿಸಿತು. ಗಾಡಿಯಿಲ್ಲ, ಎತ್ತು ಕುದುರೆಗಳಿಲ್ಲ, ಮನುಷ್ಯರೇ ಹೊತ್ತು ತಂದಿದ್ದರು. ಆ ಬರಹ ಓದಿದ ದಿನ ನಾನು ಮರದ ರಸಾಯನಶಾಸ್ತ್ರಕ್ಕೆ ಬರುವುದೆಂದು ನಿರ್ಧರಿಸಿದೆ.

ಇನ್ನೊಂದು ಸಾಕ್ಷಿ ನೀರು. ನೀರಿನ ಆಮ್ಲಜನಕದಲ್ಲಿ ಸುಮಾರು ಐನೂರು ಪರಮಾಣುಗಳಿಗೆ ಒಂದು ಉಳಿದವಕ್ಕಿಂತ ಭಾರದ್ದಾಗಿರುತ್ತದೆ. ಮೋಡ ಸಮುದ್ರದಿಂದ ಒಳನಾಡಿಗೆ ಸಾಗುವಾಗ ಭಾರದ ನೀರು ಮೊದಮೊದಲು ಸುರಿದುಬಿಡುತ್ತದೆ, ಒಳಗೆ ಹೋದಂತೆ ಮಳೆ ಹಗುರವಾಗುತ್ತದೆ. ಆ ಮಳೆ ಕುಡಿದ ಮರದ ಸೆಲ್ಯುಲೋಸ್‌ನಲ್ಲೂ ಅದರ ಗುರುತು ಉಳಿಯುತ್ತದೆ. ತಂಪು ದೇಶಗಳಲ್ಲಿ ಇದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಉಷ್ಣವಲಯದಲ್ಲಿ ಮಾತ್ರ ಅಷ್ಟು ಸಲೀಸಲ್ಲ. ಅದರ ಕಾರಣ ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಇಷ್ಟವಾದ ಸಂಗತಿ, ಸ್ವಲ್ಪ ನಿಂತು ಹೇಳುತ್ತೇನೆ. ಬ್ರೆಜಿಲ್‌ನ ಎನೆಯಾಸ್ ಸಲಾತಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಅಮೆಜಾನ್ ಮಳೆಯ ಆಮ್ಲಜನಕವನ್ನು ಅಳೆದರು. ಅಟ್ಲಾಂಟಿಕ್ ಕರಾವಳಿಯಿಂದ ಸಾವಿರಾರು ಕಿಲೋಮೀಟರ್ ಒಳಗೆ ಹೋದರೂ ಮಳೆ ನಿರೀಕ್ಷಿಸಿದಷ್ಟು ಹಗುರವಾಗಿರಲಿಲ್ಲ. ಯಾಕೆ? ಬಿದ್ದ ಮಳೆಯನ್ನು ಕಾಡು ಕುಡಿದು, ಎಲೆಗಳಿಂದ ಮತ್ತೆ ಆಕಾಶಕ್ಕೆ ಬಿಡುತ್ತಿತ್ತು, ಅದೇ ನೀರು ಮುಂದೆ ಹೋಗಿ ಮತ್ತೆ ಮಳೆಯಾಗುತ್ತಿತ್ತು. ಎಲೆ ಬಿಡುವ ಆವಿಯಲ್ಲಿ ಭಾರದ ನೀರೂ ಪಾಲು ಬಿಡದೆ ಹೋಗುತ್ತದೆ. 1979ರಲ್ಲಿ ಪ್ರಕಟವಾದ ಆ ಕೆಲಸದಿಂದಲೇ ಅಮೆಜಾನ್ ತನ್ನ ಮಳೆಯ ದೊಡ್ಡ ಪಾಲನ್ನು ತಾನೇ ಮಾಡಿಕೊಳ್ಳುತ್ತದೆ ಎಂದು ಜಗತ್ತಿಗೆ ತಿಳಿದದ್ದು. ಕಾಡಿನ ಉಸಿರೇ ಕಾಡಿನ ವಿಳಾಸವನ್ನು ಮಸುಕು ಮಾಡುತ್ತದೆ ಎಂದರೆ ನೋಡಿ! ಮರಗಳ್ಳರನ್ನು ಹಿಡಿಯಲು ಹೊರಟವರಿಗೆ ಇದು ತೊಡಕು, ಆದರೆ ಆ ತೊಡಕಿನಲ್ಲೇ ಕಾಡನ್ನು ಯಾಕೆ ಉಳಿಸಬೇಕು ಎನ್ನುವುದಕ್ಕೆ ಉತ್ತರವಿದೆ.

ಈ ಮಸುಕು ಬರೀ ಊಹೆಯ ಮಾತಲ್ಲ. ಮಧ್ಯ ಆಫ್ರಿಕಾದಲ್ಲಿ ತಾಲಿ ಎಂಬ ಗಟ್ಟಿ ಮರವಿದೆ, ನಮ್ಮ ತಾಳಿಗೂ ಅದಕ್ಕೂ ಸಂಬಂಧವಿಲ್ಲ, ಅಲ್ಲಿಯ ವ್ಯಾಪಾರದ ಹೆಸರು ಅದು. ನೆದರ್‌ಲ್ಯಾಂಡ್ಸ್‌ನ ವಾಗನಿಂಗನ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಅದರ ಮೂಲ ಪ್ರದೇಶವನ್ನು ಎರಡು ವಿಧಾನದಲ್ಲಿ ಹುಡುಕಿತು. ವಂಶವಾಹಿ ಪರೀಕ್ಷೆ ಪ್ರದೇಶವನ್ನು ಹೇಳಿತು. ಐಸೊಟೋಪ್ ಹೇಳಲಿಲ್ಲ. ಫಲಿತಾಂಶದ ಈ ಸೋಲನ್ನು ಶೀರ್ಷಿಕೆಯಲ್ಲೇ ಬರೆದು ಪ್ರಕಟಿಸಿದ ಅವರ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. ಅಂಥ ಬರಹ ಇಲ್ಲದಿದ್ದರೆ ನಮ್ಮಂಥವರು ಅದೇ ಗೋಡೆಗೆ ವರ್ಷಗಟ್ಟಲೆ ತಲೆ ಹೊಡೆದುಕೊಳ್ಳುತ್ತಿದ್ದೆವು.

ಅದೇ ವಾಗನಿಂಗನ್‌ನವರು ಆಮೇಲೆ ಮಣ್ಣಿನ ಕಡೆ ತಿರುಗಿದರು. ಒಂದು ಧಾತುವಿನ ಎರಡು ರೂಪಗಳ ಬದಲು ಹತ್ತಾರು ಧಾತುಗಳ ಪ್ರಮಾಣವನ್ನು ಒಟ್ಟಿಗೆ ಅಳೆಯುವುದು ಅವರು ಹಿಡಿದ ದಾರಿ: ಮೆಗ್ನೀಸಿಯಂ, ಮ್ಯಾಂಗನೀಸ್, ಬೇರಿಯಂ, ಅಪರೂಪದ ಭಸ್ಮಧಾತುಗಳು. ಮರದ ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಸಾವಿರಾರು ಡಿಗ್ರಿ ಕಾವಿನ ಆರ್ಗಾನ್ ಜ್ವಾಲೆಗೆ ಚಿಮುಕಿಸಿ, ಹೊರಬಂದ ಅಯಾನುಗಳನ್ನು ತೂಕದ ಪ್ರಕಾರ ಎಣಿಸುತ್ತಾರೆ. ಮಳೆ ನೂರಾರು ಮೈಲಿಗೆ ಒಂದೇ ಥರ ಇರಬಹುದು, ಮಣ್ಣು ಹಾಗಲ್ಲ. ಜೇಡಿಯ ಅಂಶ, ಎಲೆಗೊಬ್ಬರದ ಅಂಶ ಬದಲಾದಂತೆ ಮರದೊಳಗಿನ ಧಾತುಗಳ ಲೆಕ್ಕವೂ ಬದಲಾಗುತ್ತದೆ. ಕ್ಯಾಮರೂನ್, ಗ್ಯಾಬೊನ್, ಕಾಂಗೋ ಕಾಡುಗಳ ಅಜೋಬೆ ಮತ್ತು ತಾಲಿ, ಬೋರ್ನಿಯೊದ ಕೆಂಪು ಮೆರಾಂಟಿ ಮರಗಳಲ್ಲಿ ಇದು ಫಲ ಕೊಟ್ಟಿತು. ಬರೀ ದೇಶವಲ್ಲ, ದೇಶದೊಳಗಿನ ಸೀಮೆಯನ್ನೂ ಬೇರ್ಪಡಿಸಲು ಸಾಧ್ಯವಾಯಿತು. ಅಜೋಬೆಯ ಬಗ್ಗೆ ಒಂದು ಮಾತು: ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಮರ ಅದು, ನೆದರ್‌ಲ್ಯಾಂಡ್ಸ್‌ನ ಕಾಲುವೆಗಳ ತೂಬಿನ ಬಾಗಿಲುಗಳಿಗೆ ಅದನ್ನೇ ಬಳಸುತ್ತಾರೆ. ತಮ್ಮ ಕಾಲುವೆಯ ಬಾಗಿಲು ಯಾರ ಕಾಡಿನದೆಂದು ಆ ದೇಶದ ವಿಜ್ಞಾನಿಗಳೇ ಕೇಳುತ್ತಿದ್ದಾರೆ, ಅದು ನನಗೆ ಮುಖ್ಯವಾಗಿ ಕಂಡಿತು.

ಈ ವಿಧಾನದಲ್ಲಿ ನಾನೂ ಪೆಟ್ಟು ತಿಂದಿದ್ದೇನೆ. ಶುರುವಿನ ವರ್ಷಗಳಲ್ಲಿ ಎರಡು ಸಾಮಿಲ್ಲುಗಳಿಂದ ಸಾಗುವಾನಿ ತುಂಡುಗಳನ್ನು ತಂದೆ, ಎರಡೂ ಬೇರೆ ಬೇರೆ ಕಾಡಿನವು. ಅಳೆದು ನಕ್ಷೆಗೆ ಹಾಕಿದಾಗ ಎರಡು ಗುಂಪುಗಳು ಎಣ್ಣೆ ನೀರಿನಂತೆ ಬೇರೆಯಾದವು. ಅಂದು ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ. ಯಾವ ಧಾತು ಈ ವ್ಯತ್ಯಾಸ ಮಾಡುತ್ತಿದೆ ಎಂದು ಮರುದಿನ ನೋಡಿದರೆ ಕ್ರೋಮಿಯಂ, ನಿಕಲ್. ಇವು ಮಣ್ಣಿನಿಂದ ಬಂದವಲ್ಲ, ಗರಗಸದ ಅಲಗಿನಿಂದ ಉದುರಿದವು. ನಾನು ಬೇರ್ಪಡಿಸಿದ್ದು ಎರಡು ಕಾಡುಗಳನ್ನಲ್ಲ, ಎರಡು ಗರಗಸಗಳನ್ನು. ಅಷ್ಟೂ ಮಾದರಿಗಳನ್ನು ಮೊದಲಿನಿಂದ ತಯಾರು ಮಾಡಬೇಕಾಯಿತು. ಅಂದಿನಿಂದ ಹೊರಮೈಯನ್ನು ಸಿರಾಮಿಕ್ ಚಾಕುವಿನಿಂದ ಹೆರೆದು ತೆಗೆದು, ಒಳಗಿನ ಚೇಗನ್ನು ಮಾತ್ರ ಮುಟ್ಟುತ್ತೇನೆ.

ಸಮುದ್ರದ ನೀರೂ ಹೀಗೇ ಮೋಸ ಮಾಡುತ್ತದೆ. ದಿಮ್ಮಿಗಳನ್ನು ಉಪ್ಪುನೀರಿನಲ್ಲಿ ತೇಲಿಸಿಟ್ಟರೆ ಸೋಡಿಯಂ ಒಳಕ್ಕೆ ಇಳಿಯುತ್ತದೆ, ಸಮುದ್ರದ್ದೇ ಆದ ಸ್ಟ್ರಾನ್ಶಿಯಂ ಅನುಪಾತವೂ (ಅದು ಎಲ್ಲ ಸಾಗರದಲ್ಲೂ ಒಂದೇ, 0.7092) ಮರಕ್ಕೆ ಅಂಟುತ್ತದೆ. ಹಸಿ ತೇಗ ನೀರಲ್ಲಿ ತೇಲುವುದಿಲ್ಲ. ಅದಕ್ಕೇ ಬರ್ಮಾದಲ್ಲಿ ಮರದ ಬುಡದ ಸುತ್ತ ತೊಗಟೆ ಮತ್ತು ಬಿಳಿ ಭಾಗವನ್ನು ಕಚ್ಚು ಹಾಕಿ, ನಿಂತಲ್ಲೇ ಎರಡು ಮೂರು ವರ್ಷ ಒಣಗಲು ಬಿಟ್ಟು, ಆಮೇಲೆ ಕಡಿದು ಐರಾವತಿ ನದಿಯಲ್ಲಿ ತೇಲಿಬಿಡುತ್ತಿದ್ದರು. ಇಂಥದ್ದನ್ನೆಲ್ಲ ತಿಳಿಯದೆ ಬರೀ ಯಂತ್ರದ ಮುಂದೆ ಕೂತವರು ತಪ್ಪು ಊರು ಹೇಳುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೆ ನಿಮ್ಮಲ್ಲೊಬ್ಬ ವಿದ್ಯಾರ್ಥಿನಿ ಚೀಟಿ ಕಳಿಸಿದ್ದಾರೆ: "ಹಾಗಾದರೆ ಯಾವುದೇ ಹಲಗೆ ಕೊಟ್ಟರೂ ಊರು ಹೇಳುತ್ತೀರಾ?" ಇಲ್ಲಮ್ಮ. ಈ ಪ್ರಶ್ನೆಯನ್ನು ಬಿಡಿಸಿ ನೋಡಬೇಕು. "ಇದು ಎಲ್ಲಿಯದು?" ಎನ್ನುವುದಕ್ಕೆ ಉತ್ತರ ಹೇಳಲು ಜಗತ್ತಿನ ಎಲ್ಲ ಕಾಡುಗಳ ಲೆಕ್ಕ ನನ್ನ ಬಳಿ ಇರಬೇಕು. "ಇದು ಕಾಗದದಲ್ಲಿ ಬರೆದ ಜಾಗದ್ದೋ ಅಲ್ಲವೋ?" ಎನ್ನುವುದಕ್ಕೆ ಆ ಒಂದು ಜಾಗದ ಲೆಕ್ಕ ಇದ್ದರೆ ಸಾಕು. ಆ ಜಾಗದ ಮರಗಳ ಗುಣ ಯಾವ ಮಿತಿಯೊಳಗೆ ಇರುತ್ತದೆ ಎಂದು ಗೊತ್ತಿದ್ದು, ನಿಮ್ಮ ಹಲಗೆ ಅದರಿಂದ ಬಹಳ ಹೊರಗೆ ಬಿದ್ದರೆ, ಕಾಗದ ಸುಳ್ಳು. ಒಳಗೆ ಬಿದ್ದರೆ ಕಾಗದ ನಿಜ ಎಂದಲ್ಲ, ಸುಳ್ಳೆಂದು ತೋರಿಸಲು ಆಗಲಿಲ್ಲ ಎಂದಷ್ಟೇ. ನ್ಯಾಯಾಲಯದಲ್ಲಿ ಹೌದು ಅಥವಾ ಅಲ್ಲ ಎಂದು ಹೇಳಿ ಎಂದು ವಕೀಲರು ಒತ್ತಾಯಿಸುತ್ತಾರೆ. ನಾವು ಸಂಭವನೀಯತೆಯನ್ನೇ ಹೇಳಬೇಕು, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚು ಹೇಳಬಾರದು.

ಕಾನೂನುಗಳೂ ಇದೇ ಕಡೆ ಬರುತ್ತಿವೆ. ಅಮೆರಿಕ, ಅಕ್ರಮ ವನ್ಯಜೀವಿ ವ್ಯಾಪಾರ ತಡೆಯುವ ತನ್ನ 1900ರ ಲೇಸಿ ಕಾಯ್ದೆಯನ್ನು 2008ರಲ್ಲಿ ತಿದ್ದಿ ಮರವನ್ನೂ ಅದರೊಳಗೆ ತಂದಿತು. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ನಿಯಮ ಮರ ಬೆಳೆದ ಜಾಗದ ಅಕ್ಷಾಂಶ, ರೇಖಾಂಶವನ್ನೇ ಕೇಳುತ್ತದೆ. ಅದರ ಜಾರಿಯನ್ನು ಮುಂದೂಡಿದ್ದಾರೆ, ಅದು ನನಗೆ ಬೇಸರದ ಸಂಗತಿ. ಆದರೂ ಒಮ್ಮೆ ಜಾಗದ ಹೆಸರು ಕಾಗದಕ್ಕೆ ಬಂದರೆ ಸುಳ್ಳನ್ನು ಹಿಡಿಯಲು ನಮಗೊಂದು ಹಿಡಿಕೆ ಸಿಕ್ಕಿದಂತೆ.

ಆಮೇಲೆ ಉಳಿಯುವುದು ಮಾದರಿಗಳ ಭಂಡಾರದ ಪ್ರಶ್ನೆ. ಯಂತ್ರ ದುಡ್ಡು ಕೊಟ್ಟರೆ ಬರುತ್ತದೆ, ಭಂಡಾರ ಬರುವುದಿಲ್ಲ, ಅದನ್ನು ಕಾಲ್ನಡಿಗೆಯಲ್ಲೇ ಕಟ್ಟಬೇಕು. ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ, ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಮರದ ತುಂಡುಗಳ ದೊಡ್ಡ ಸಂಗ್ರಹಗಳಿವೆ, ಜಾತಿ ಗುರುತಿಸಲು ಅವು ನಮ್ಮ ಆಸ್ತಿ. ಆದರೆ ಜಗತ್ತಿನ ಬಹುಪಾಲು ಹಳೆಯ ಸಂಗ್ರಹಗಳಂತೆ ಅವನ್ನೂ ಜಾತಿಗಾಗಿ ಕೂಡಿಸಿದ್ದು, ಜಾಗಕ್ಕಾಗಿ ಅಲ್ಲ. ಒಂದು ಕಾಡಿನಿಂದ ಒಂದೇ ಜಾತಿಯ ಹತ್ತಾರು ಮರ, ಪ್ರತಿ ಮರದ ಜಿಪಿಎಸ್, ಎಲೆ, ಮಣ್ಣು, ಇಷ್ಟು ಇದ್ದರೆ ಮಾತ್ರ ಊರಿನ ಲೆಕ್ಕ ಆಗುತ್ತದೆ. ಲಂಡನ್ನಿನ ಕ್ಯೂ ಉದ್ಯಾನ ಮತ್ತು ಇತರ ಸಂಸ್ಥೆಗಳು ಸೇರಿ ನಡೆಸುವ ವರ್ಲ್ಡ್ ಫಾರೆಸ್ಟ್ ಐಡಿ ಈ ರೀತಿಯ ಭಂಡಾರವನ್ನು ಕಟ್ಟುತ್ತಿದೆ.

ತೇಗದ ವಿಷಯದಲ್ಲಿ ನಮ್ಮ ಹೊಣೆ ದೊಡ್ಡದು. ತೇಗ ತಾನಾಗಿ ಹುಟ್ಟಿ ಬೆಳೆಯುವುದು ಭಾರತ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ಈ ನಾಲ್ಕೇ ದೇಶಗಳಲ್ಲಿ. ಮ್ಯಾನ್ಮಾರ್ 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. 2021ರ ಸೈನಿಕ ದಂಗೆಯ ನಂತರ ಅಲ್ಲಿಯ ಸರ್ಕಾರಿ ಮರದ ಸಂಸ್ಥೆಯ ಮೇಲೆ ಅಮೆರಿಕ, ಯುರೋಪ್ ನಿರ್ಬಂಧ ಹೇರಿದವು. ಆದರೂ ಬರ್ಮಾ ಟೀಕ್ ಎಂಬ ಹೆಸರಿಗೆ ನಮ್ಮ ಅಂಗಡಿಗಳಲ್ಲಿ ಬೇಡಿಕೆ ಕುಗ್ಗಿಲ್ಲ. ಘಾನಾ, ತಾಂಜಾನಿಯಾ, ಈಕ್ವೆಡಾರ್, ಪನಾಮಾದಿಂದ ಪ್ಲಾಂಟೇಶನ್ ತೇಗ ಬರುತ್ತದೆ. ಮನೆ ಕಟ್ಟುವವರು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ಮರಕ್ಕೆ ಮಾರುವವನ ಬಾಯಿಮಾತೇ ಸಾಕ್ಷಿ. ದಾಂಡೇಲಿ, ಕಾಕನಕೋಟೆ, ಭದ್ರಾ ಕಾಡುಗಳ ತೇಗದ ಲೆಕ್ಕವನ್ನು ನಾವೇ ಮಾಡಿಡದಿದ್ದರೆ, ನಾಳೆ ಅಲ್ಲಿಂದ ಕದ್ದ ಮರ ಪ್ಲಾಂಟೇಶನ್ನಿನ ಪಾಸ್ ಹಿಡಿದು ಬಂದಾಗ ಅದು ಸುಳ್ಳೆಂದು ತೋರಿಸುವುದು ಹೇಗೆ?

ಮಾತು ಮುಗಿಸಿ ಇಳಿದಾಗ ಆಚಾರ್ರು ತುಂಡುಗಳನ್ನು ವಾಪಸು ಕೊಡಲು ಬಂದರು. "ಊರು ಗೊತ್ತಿರೋ ಮರ ಬೇಕು ಅಂದ್ರಲ್ಲ ಸಾರ್. ನಮ್ಮ ತೋಟದ ಬೇಲಿ ಸಾಗುವಾನಿ ಹೋದ ಮಳೆಗಾಲ ಗಾಳಿಗೆ ಬಿತ್ತು. ಅಜ್ಜ ನೆಟ್ಟದ್ದು. ಬುಡ ಹಾಗೇ ಇದೆ" ಎಂದರು. ಮರುದಿನ ಬೆಳಿಗ್ಗೆ ಹೋದೆ. ಬುಡದ ಸುತ್ತ ಜರಿಗಿಡ ಬೆಳೆದಿತ್ತು. ಆಚಾರ್ರು ಮಂಡಿಯೂರಿ ಕತ್ತಿಯಿಂದ ಅದನ್ನು ಸವರಿದರು. ನಾನು ಹೊರಪದರ ಹೆರೆದು, ಚೇಗಿನಿಂದ ಬೆಂಕಿಪೆಟ್ಟಿಗೆಯಷ್ಟು ತುಂಡು ತೆಗೆದೆ. ಬೇರಿನ ಪಕ್ಕದಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಚೀಲದ ಮೇಲೆ ಜಿಪಿಎಸ್ ಅಂಕಿ ಬರೆಯುವಾಗ ಅವರು ಬಗ್ಗಿ ನೋಡಿ, "ಊರಿನ ಹೆಸರೂ ಬರೀರಿ" ಎಂದರು. ಬರೆದೆ.